ಹತ್ತರಲ್ಲಿ ಎಷ್ಟು?

ಹಾಸನದ ಜಿಲ್ಲಾಸ್ಪತ್ರೆಯಲ್ಲಿ ಪ್ರತಿ ಸಲ ಕೇಳುತ್ತಾರೆ:
ನೋವು ಹತ್ತರಲ್ಲಿ ಎಷ್ಟು?
ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಬದುಕಿದವಳು ನಾನು,
ತೋಳು, ಸೊಂಟ, ಕಂಕುಳು ಎಲ್ಲ ಬಾಯಿಪಾಠ.
ಇದಕ್ಕೆ ಮಾತ್ರ ಆರೋ ಏಳೋ ಅಂದುಬಿಡುತ್ತೇನೆ,
ಹಿಂದೆ ಸಾಲು ಉದ್ದವಿರುತ್ತದೆ.

ಪೆನ್ಷನ್ ಮೊಹಲ್ಲಾ. ಬೆಳಗಿನ ಐದೂವರೆ.
ರಾತ್ರಿ ಮುಷ್ಟಿ ಕಟ್ಟಿ ಮಲಗಿದ ಬೆರಳು
ಇನ್ನೂ ಎದ್ದಿಲ್ಲ.
ಗುಂಡಿ ಎದ್ದಿದೆ.
ಒಂದೇ ಕಣ್ಣಿನದು, ಯಾರದೋ ಅಂಗಿಯಿಂದ ಕಿತ್ತು ಬಿದ್ದ ಹಾಗೆ
ಒಂದು ಸಂಜೆ ಮೆಷಿನ್ನಿನ ಕೆಳಗೆ ಸಿಕ್ಕಿದ್ದು.
ಎದೆ ಮೇಲೆ ಕೂತು ಹಾಲಿನ ಲೆಕ್ಕ ಕೇಳುತ್ತದೆ.
ನನ್ನ ಗಂಟುಗಳ ಪರಿಚಯ ಅದಕ್ಕಿಲ್ಲ,
ಪ್ಯಾಕೆಟ್ಟಿನ ಪರಿಚಯ ಇದೆ.

ಎದ್ದೆ. ಗೋಡೆ ಹಿಡಿದು ಎದ್ದೆ.
ಕತ್ತರಿಯೊಳಗೆ ಬೆರಳು ತೂರದೆ
ಹಲ್ಲಲ್ಲಿ ಕಚ್ಚಿ ಹರಿದೆ ಪ್ಯಾಕೆಟ್ಟು.
ಮೂವತ್ತು ವರ್ಷ ಬಟ್ಟೆ ಕತ್ತರಿಸಿದವಳು, ಹಲ್ಲಲ್ಲಿ!
ಅರ್ಧ ನೆಲದ ಪಾಲು.
ಅದು ನೆಲವನ್ನೇ ತಟ್ಟೆ ಮಾಡಿಕೊಂಡಿತು,
ಒಂದು ಮಾತೂ ಆಡಲಿಲ್ಲ.

ನಾದಿನಿ ಚಂದ್ರಕಲಾ ಫೋನಿನಲ್ಲಿ:
ಬೆಕ್ಕಿನ ಕೂದಲು ಮೈಗಾಗಲ್ಲ ಕಣೆ.
ಆಮೇಲೆ, ಇನ್ನೂ ನೋವಾ ನಿಂಗೆ?
ಹೂಂ. ಇನ್ನೂ.

ಮಧ್ಯಾಹ್ನ ತೊಡೆಯ ಮೇಲೆ ಮೂರೂವರೆ ಕಿಲೋ ಬಿಸಿ.
ಎಣ್ಣೆ ಬಿಟ್ಟ ದಿನ ನನ್ನ ಮೆಷಿನ್ನೂ
ಹೀಗೇ ಗುರುಗುಡುತ್ತಿತ್ತು.
ಕಿವಿಯ ಹಿಂದಿನ ಮೆತ್ತನೆ ಜಾಗಕ್ಕೆ ಕೈ ಬಿಟ್ಟೆ.
ಎರಡು ಬೆರಳು ಬಿಡಿಸಿಕೊಂಡವು.
ಮೂರನೆಯದು ಸ್ವಲ್ಪ.
ಕಿರುಬೆರಳು, ಇಲ್ಲ, ಅದು ಹಟಮಾರಿ.

ನೋವು ಹೋಯಿತಾ ಅಂದರೆ, ಎಲ್ಲಿಗೆ ಹೋದೀತು?
ಒಂಚೂರು ಸರಿದು ಕೂತಿತು ಅಷ್ಟೆ,
ಅರಸೀಕೆರೆ ಬಸ್ಸಿನಲ್ಲಿ
ಇಬ್ಬರ ಸೀಟಿಗೆ ಮೂರನೆಯವರು ಬಂದಾಗ
ಗೊಣಗುತ್ತಾ ಸರಿಯುವ ಹಾಗೆ.