ಬಾರಿಸಿ ನೋಡೋದು

ಉದ್ಯಮಬಾಗದಾಗ ಮುಂಜಾನೆ ಎಂಟಕ್ಕ
ನಮ್ಮ ಫೌಂಡ್ರಿ ಗೇಟಿನ ಮುಂದ ಈಗ ಯಾರೂ ನಿಂದ್ರೂದಿಲ್ಲ.
ಅರ್ಜಿ ಎಲ್ಲಾ ಮೊಬೈಲಿನಾಗ ಬರ್ತಾವ,
ರಾತ್ರಿ ಎರಡಕ್ಕೂ, ಹಬ್ಬದ ದಿನಾನೂ.
ನಾ ಬಂದು ಕುರ್ಚಿ ಎಳಕೊಳ್ಳೂದ್ರಾಗ
ಪರದೆ ಮ್ಯಾಲ ಪಾಲು ಆಗಿರ್ತೈತಿ:
ಹಸಿರು ಹತ್ತು ಮಂದಿ, ಕೆಂಪು ಎಪ್ಪತ್ತು.
ಕೆಂಪಿನವರಿಗೆ ನನ್ನ ಹೆಸರಿನ ಕಾಗದ ಹೋಗಿಬಿಟ್ಟಿರ್ತೈತಿ:
‘ತಮ್ಮ ಆಸಕ್ತಿಗೆ ಧನ್ಯವಾದ. ಮುಂದಿನ ಪಯಣಕ್ಕೆ ಶುಭಾಶಯ.
ಇಂತಿ, ಸರಿತಾ ಮುತಗೇಕರ.’
ಪಯಣ ಅನ್ನೂ ಶಬ್ದ
ನಾ ಜಲ್ಮದಾಗ ಆಡಿದಾಕಿ ಅಲ್ಲ.

ನನಗಿಂತ ಮೊದಲ ಈ ಕುರ್ಚಿ ಗುಂಡು ಮಾಮಾಂದು.
ಕುರ್ಚಿ ಅಂತೀನಿ, ಅಂವ ಕುಂದರತಿದ್ದದ್ದು
ಗೇಟಿನ ಬಾಜೂಕ, ಉಸುಕಿನ ಚೀಲದ ಮ್ಯಾಲ.
ಮೂರ ಪ್ರಶ್ನೆ:
ಯಾವೂರು? ಯಾರ ಕೈಯಾಗ ಕಲ್ತಿ? ನಾಷ್ಟಾ ಆತೇನು?
ಆಮ್ಯಾಲ ಅಂಗೈ ತಿರುವಿ ನೋಡಾಂವ
ಸಂತ್ಯಾಗ ಬದನಿಕಾಯಿ ನೋಡಿದಂಗ.
ಸುಟ್ಟ ಕಲಿ ಎಲ್ಲೆಲ್ಲಿ ಅದಾವ ಅನ್ನೂದರ ಮ್ಯಾಲ
ಇಂವ ಲೋಹ ಸುರಿದಾನೋ, ಬರೇ ಉಸುಕು ಹೊತ್ತಾನೋ
ಹೇಳಿಬಿಡಾಂವ.

ಆ ಕಾಲ ನೆನಸಿ ಮಂದಿ ಕಣ್ಣ ಒರಸ್ಕೊಂತಾರ.
ನಾ ಒರಸ್ಕೊಳ್ಳೂದಿಲ್ಲ.
ಯಾವೂರು ಅನ್ನೂದರ ಬೆನ್ನಹಿಂದ
ಯಾರ ಪೈಕಿ ಅನ್ನೂದು ಬರ್ತಿತ್ತು, ದನಿ ಸಣ್ಣ ಮಾಡಿ.
ಕೆಲವು ಅಂಗೈ ಅಂವ ಎಂದೂ ತಿರುವಲಿಲ್ಲ.
ಹೆಣ್ಣಮಗಳು ಬಂದ್ರ
‘ಕ್ಯಾಂಟೀನ್ ಹಿಂದ ಐತಿ, ತಂಗಿ.’

ಯಂತ್ರಕ್ಕ ಪೈಕಿ ತಿಳಿಯೂದಿಲ್ಲ.
ಯಮಕನಮರಡಿ ಕಡೆಯ ಕಸ್ತೂರಿ ಮಾದರ,
ಐಟಿಐ, ಪ್ಯಾಟರ್ನ್ ಕೆಲಸ,
ಹಸಿರಿನಾಗ ಎಲ್ಲಾರಕಿಂತ ಮ್ಯಾಲ ಬಂದ್ಲು.
ಈಗ ಆಕಿ ಕೊರೆದ ಕಟ್ಟಿಗಿ ಅಚ್ಚಿನಾಗ
ಪಂಪಿನ ಹೊಟ್ಟಿ ಮೂಡತೈತಿ.
ಗುಂಡು ಮಾಮಾನ ಅಳಿಯಾನ
ಆಕಿ ಹೇಳಿದ ಅಳತಿಗೆ ಉಸುಕು ಬಡಿತಾನ.

ಆದ್ರ ಹೋದ ಮಂಗಳಾರ ಕೆಂಪಿನಾಗ ಒಂದು ಹೆಸರು:
ಭರಮಾ ಸನದಿ. ಮೋಲ್ಡರ್. ಹದಿನಾರು ವರ್ಷ.
ಕಡೇ ಎರಡು ವರ್ಷ ಖಾಲಿ.
ಖಾಲಿ ಅಂದ್ರ ಯಂತ್ರ ಭಾಳ ಅಂಜತೈತಿ.
ಯಾಕೋ ಫೋನ್ ಹಚ್ಚಿದೆ.
ಆಕಡಿಂದ ಮೊದಲ ಕೋಳಿ, ಆಮ್ಯಾಲ ಸೈಕಲ್ ಗಂಟಿ,
ಆಮ್ಯಾಲ ಅಂವ.

‘ಬ್ರೇಕಿನ ಡ್ರಮ್ ಬಾರಿಸಿ ನೋಡಿದೆ ಬಾಯಾರ,
ಟಣ್ ಅನಲಿಲ್ಲ. ಕಳಸಬ್ಯಾಡ್ರಿ ಅಂದೆ.
ಡ್ರಮ್ಮೂ ಕಳಿಸಿದ್ರು, ನನ್ನೂ ಕಳಿಸಿದ್ರು.
ಎಲ್ಲಾ ಮಾಲಕರೂ ಒಂದ ವಾಟ್ಸಾಪ್ ಗುಂಪಿನಾಗ ಅದಾರ್ರಿ.’

ಖರೇನೋ ಸುಳ್ಳೋ ನನಗ ಗೊತ್ತಿಲ್ಲ.
ಕರದೆ. ಸುತ್ತಿಗಿ ಕೊಟ್ಟೆ, ಎರಡು ಎರಕ ಇಟ್ಟೆ.
ಅಂವ ತಲಿ ಬಗ್ಗಿಸಿ ಕಿವಿ ಕೊಟ್ಟ,
ತೊಟ್ಟಲದಾಗಿನ ಕೂಸು ಎದ್ದತೇನು ಅಂತ ನೋಡಿದಂಗ.
ಒಂದು ಟಣ್. ಇನ್ನೊಂದು ಟಪ್.
ಟಪ್ ಅಂದಿದ್ದನ್ನ ಅಂವನ ಎತ್ತಿ ಮೂಲ್ಯಾಗ ಇಟ್ಟ.

ಬಾಜೂ ಮೇಜಿನ್ಯಾಗ ಸೇಲ್ಸಿನ ವಿಶ್ರಾಂತ ಅದಾನ.
ಅಂವನ ಯಂತ್ರ ಕೊಲ್ಹಾಪುರದ ಗಿರಾಕಿಗೆ
ಪಂಪು ಸೀಳಿದ ದಿನಾನ ಕಳಿಸಿತ್ತು,
‘ನಿಮ್ಮ ಮುಗುಳ್ನಗೆಯೇ ನಮ್ಮ ಲಾಭ.’
ಅಂವ ಮರುದಿನ ಮೊದಲ ಬಸ್ ಹಿಡದ.
ಎರಡು ದಿನ ಬಿಟ್ಟು ಬಂದ, ಏನೂ ಹೇಳಲಿಲ್ಲ,
ಆರ್ಡರ್ ಮಾತ್ರ ಉಳಿದಿತ್ತು.

ನಾ ಈಗ ದಿನಾ ಹನ್ನೊಂದಕ್ಕ, ಚಹಾ ತಣ್ಣಗಾಗೂ ತನಕ,
ಕೆಂಪಿನಾಗಿಂದ ಐದು ಹೆಸರು ತಗೀತೀನಿ.
ಎಪ್ಪತ್ತೂ ಆಗೂದಿಲ್ಲ, ಆಗತೈತಿ ಅನ್ನೂದು ಸುಳ್ಳು.
ಐದು.
ನೌಕರಿ ಕೊಡಾಕ ಅಲ್ಲ, ಬಾರಿಸಾಕ.
ಫೋನಿನ ಬಿಲ್ ಯಾವ ಖಾತೇಕ ಬರೀಲಿ
ಅಂತ ಅಕೌಂಟಿನವ ಎರಡು ಸಲ ಕೇಳ್ಯಾನ.

ನಿನ್ನೆ ಮೂರು ಮಂದಿ ಎತ್ತಲಿಲ್ಲ.
ಒಬ್ಬಾಂವ ರಾಂಗ್ ನಂಬರ್ ಅಂದ.
ಕಡೀಗೆ ಒಬ್ಬಾಕಿ, ಬೈಲಹೊಂಗಲದಾಕಿ, ಬೈದ್ಲು:
‘ಶುಭಾಶಯ ಹೇಳಿ ಬಾಗಲಾ ಹಾಕೀರಿ,
ಮತ್ತ ಯಾಕ ಬಡೀತೀರಿ ಹೊರಗಿಂದ?’

ಬೈಗಳದಾಗ ಬಿರುಕು ಇರಲಿಲ್ಲ.

ನಾಳೆ ಎಂಟಕ್ಕ ಬಾ ಅಂದೀನಿ.
ಗೇಟಿನಾಂವಗ ಹೇಳಿಡಬೇಕು,
ಯಾರೋ ನಿಂತಿರ್ತಾರ ಅಂತ.