ಕೌದಿಗೋಡೆ

ಕಾರಟಗಿಯ ಅಕ್ಕಿ ಗಿರಣಿಗೆ ಬೆನ್ನು ಕೊಟ್ಟು
ಹತ್ತಡಿ ಕೋಣೆ, ಒಂದು ಮೈಕು, ಹದಿನೈದು ಕಿಲೋಮೀಟರ್ ಗಾಳಿ.
ಗದ್ದಲ ಒಳಬರದಂತೆ ಗೋಡೆಗೆಲ್ಲ
ಮೊಳೆ ಹೊಡೆದು ಕೌದಿ ತೂಗಿದ್ದೇವೆ,
ಊರ ಹೆಂಗಸರು ಕೊಟ್ಟದ್ದು.

ಬೆಳಿಗ್ಗೆ ಶಂಶಾದಬಿ ಓದುತ್ತಾಳೆ:
ಮೂವತ್ತೊಂದನೇ ಕಾಲುವೆಗೆ ನೀರು ನಾಳೆ ರಾತ್ರಿ.
ಸಂತೆಯಲ್ಲಿ ಸಿಕ್ಕ ಬಲಗಾಲ ಚಪ್ಪಲಿ ಇಲ್ಲೇ ಇದೆ,
ಎಡಗಾಲಿನವರು ಬನ್ನಿ.
ನಡುವೆ ಕೆಮ್ಮು. ತೌಡಿನ ಧೂಳು ಮಾತ್ರ
ಯಾವ ಕೌದಿಗೂ ಬಗ್ಗಿಲ್ಲ.

ಮಂಗಳವಾರ ಅಜ್ಜಿಯರ ಪಾಳಿ.
ಲಕ್ಕವ್ವ ಮೈಕಿಗೆ ಮುಖ ಕೊಡುತ್ತಿರಲಿಲ್ಲ,
ಗೋಡೆಯ ಒಂದು ಹಸಿರು ತುಂಡಿಗೆ ಹೇಳುತ್ತಿದ್ದಳು ಕತೆ:
‘ಇದು ನನ್ ಸೀರಿ. ಇದಕ್ಕ ಎಲ್ಲಾ ಗೊತ್ತೈತಿ,
ತಪ್ಪಿದ್ರ ತಿದ್ತೈತಿ.’
ಹಾಗಾಗಿ ಅವಳ ದನಿ ಸದಾ ಒಂದು ಮಾರು ದೂರ.
ತಾಂತ್ರಿಕ ದೋಷ, ಎಂದು ನಾನು ಬುಕ್ಕಿನಲ್ಲಿ ಬರೆದೆ.

ಈಗ ಲಕ್ಕವ್ವ ಇಲ್ಲ.
ಮೊನ್ನೆ ಹಳೇ ರೆಕಾರ್ಡಿಂಗ್ ಹಾಕಿದೆವು.
ಕತೆಯ ನಡುವೆ ಸುಮ್ಮನಾಗುತ್ತಾಳೆ, ಏಳು ಸೆಕೆಂಡು.
ಕತ್ತರಿಸಲಾ ಎಂದ ಹುಡುಗನ ಕೈ ಹಿಡಿದು ಶಂಶಾದಬಿ,
‘ತಡಿ, ಸೀರಿ ಮಾತಾಡಾಕತ್ತೈತಿ.’

ಏಳೂ ಸೆಕೆಂಡು ಹೊರಟವು,
ಗಿರಣಿ ದಾಟಿ, ಗದ್ದೆ ದಾಟಿ.
ಸಂಜೆ ಬೂದಗುಂಪಾದಿಂದ ಒಂದು ಫೋನು:
‘ಅಜ್ಜಿ ಎಲ್ಲಿ ತಪ್ಪಿದ್ಲು?’