ಹಲ್ಲಿನ ಗೆರಿ

ನಮ್ಮೂರಾಗ ಫೋಟೋಕ್ಕ ಯಾರೂ ಹಲ್ಲು ಬಿಡೂದಿಲ್ಲ.
ಮದುವಿ ಅಲ್ಬಮ್ಮಿನಾಗ ಮದುಮಕ್ಕಳೂ
ತುಟಿ ಹೊಲಕೊಂಡು ನಿಂತಿರತಾರ.
ಬೋರಿನ ನೀರು ಕುಡಿದ ಹಲ್ಲು:
ಮಣ್ಣಿನ ಗ್ವಾಡಿಗೆ ಮಳಿ ಇಳಿದಂಗ
ಕಂದು ಗೆರಿ, ಒಂದರ ಕೆಳಗ ಒಂದು.

ಯುವತಿ ಮಂಡಳಿ ಅಂದರ ಆಗ
ಒಂದು ರಬ್ಬರ್ ಸ್ಟಾಂಪು, ಕಾಲು ಮುರಿದ ಕೇರಂ ಬೋರ್ಡು,
ಪಂಚಾಯ್ತಿ ಕೊಟ್ಟ ಬಾಗಿಲಿಲ್ಲದ ಖೋಲಿ.
ಆಮ್ಯಾಲೆ ಹುನಗುಂದದಿಂದ
ನೀರು ನೋಡೂ ಡಬ್ಬಿ ಬಂತು.
ಹದಿನೇಳು ಬೋರು, ಹದಿನೇಳು ಸೀಸೆ.
ಮಾಬೂಬಿ ಹನಿ ಬಿಟ್ಟಳು, ನಾನು ಬರಕೊಂಡೆ.
ಕೆಂಪು ಉಳೀಬೇಕಾದ್ದು ಹಳದಿ ಆತು,
ಹನ್ನೊಂದರಾಗ.

ಆ ಕಾಗದ ತಾಲೂಕಿಗೆ ಹೋತು, ಬಾಗಲಕೋಟಿಗೆ ಹೋತು,
ಅಲ್ಲಿ ಯಾರೋ ಯಾರಿಗೋ ಕಳಿಸಿ
ಕೆನ್ಯಾದ ಒಂದು ಹುಡುಗರ ಸಂಘದ ಕೈ ಸೇರಿತು.
ಸಮುದ್ರದಾಚೆಯಿಂದ ಎಂಟು ದಿನಕ್ಕ ಉತ್ತರ ಬಂತು.
ತಾಲೂಕಿನದು ಇನ್ನೂ ಬರಬೇಕು.

ಶನಿವಾರ ಸಂಜಿಕ ಮೊಬೈಲು
ಜ್ವಾಳದ ಚೀಲಕ್ಕ ಆನಿಸಿ ಇಟ್ಟಿವಿ.
ನಾವು ಒಂಬತ್ತು ಮಂದಿ, ಅವರೆಷ್ಟೋ,
ಅಂಗೈಯಗಲದ ಪರದೆ.
ನಮ್ಮ ಇಂಗ್ಲಿಷೂ ಸಾಲಿಯದ, ಅವರದೂ ಸಾಲಿಯದ.
ನೆಟ್‌ವರ್ಕು ತಡವರಿಸಿ
ಎಲ್ಲಾರ ಮುಖ ಅಲ್ಲಲ್ಲೇ ನಿಂತವು,
ಚೆಲಗಾತ ಅನ್ನೂಕಿ ನಗತಿದ್ದಾಗ.

ಹಲ್ಲು ನೋಡಿದಿವಿ.
ಅದ ಕಂದು. ಅದ ಗೆರಿ.

ಮಾಬೂಬಿ, ಐದನೆತ್ತೆಯಿಂದ ಬಾಯಿಗಿಟ್ಟ ಕೈ
ಇಳಿಸಿದಳು.

ಅವರು ಎಲುಬು ಸುಟ್ಟ ಇದ್ದಲಿಯೊಳಗ
ನೀರು ಸೋಸತಾರಂತ. ಗೆರಿ ಬೀಳೂದಿಲ್ಲಂತ, ಸಣ್ಣ ಮಕ್ಕಳಿಗೆ.
ನಾನು ಕನ್ನಡದಾಗ ಹೇಳೂದರೊಳಗ
ಹೊಸ್ತಿಲದಾಗ ಕುಂತ ಕಲ್ಲವ್ವಾಯಿ ಎದ್ದಳು:
"ಎಲುಬಿನ ನೀರು ನನ್ನ ತಂಬಿಗಿಗೆ ಬ್ಯಾಡವ್ವ."
ಇದನ್ನ ಅಕಿಗೆ ಹೆಂಗ ಹೇಳಲಿ?
ಹೇಳಿದೆ.
ಚೆಲಗಾತ ಇನ್ನಷ್ಟು ನಕ್ಕು,
"ನಮ್ಮಜ್ಜಿನೂ ಒಲ್ಲೆ ಅಂದಿದ್ದಳು, ಎರಡು ವರ್ಷ.
ನಿಮ್ಮಲ್ಲಿ ಬ್ಯಾರೆ ಏನೈತಿ?" ಅಂದಳು.

ಏನೈತಿ?
ಮಾಳಿಗಿ ಐತಿ. ಮಳಿ ಬಂದರ ದೋಣಿಯಿಂದ
ಓಣಿಗೆ ಸುರಿದು ಹೋಗೂ ನೀರು ಐತಿ.
ಇದ್ದಲಿ ತಗೊಂಡು ಗ್ವಾಡಿಮ್ಯಾಲ ಬರದೆ:
ಮಾಳಿಗಿ, ದೋಣಿ, ಕೆಳಗೊಂದು ತೊಟ್ಟಿ.
ಆ ಕಡೆಯಿಂದ ಒಬ್ಬಾವ
ತೊಟ್ಟಿಗೆ ಮುಚ್ಚಳ ಬರಿ ಅಂದ.
ಮರೆತಿದ್ದೆ. ಬರದೆ.

ರಾತ್ರಿ ಕಲ್ಲವ್ವಾಯಿ ಬಂದು
ಗ್ವಾಡಿ ಮುಂದ ಬಾಳ ಹೊತ್ತು ನಿಂತಳು.
ತೊಟ್ಟಿ ಬಗ್ಗೆ ಏನೂ ಕೇಳಲಿಲ್ಲ.
"ಆ ಹುಡುಗಿಗೆ ಮದುವಿ ಆಗೇತೇನ?
ಆ ಹಲ್ಲು ನೋಡಿ ಯಾರು ಒಪ್ಪಿದರು?"

ಬರೂ ಶನಿವಾರ ಕೇಳತೀನಿ ಅಂದೆ.